ಗುಡಿಯ ಅಂಗಳವೂ ಸವಾಲಿನ ಹಾಡೂ

ದೇವಾಲಯಕ್ಕೂ ಬೀದಿಯ ಹಾಡಿಗೂ ವೈರವೆಂದು ಬಗೆಯುವವರು ತಿಮ್ಮಾಪುರವನ್ನೊಳಗೊಂಡ ಮುಧೋಳ ಸೀಮೆಯ ಕಡೆಗೊಮ್ಮೆ ದೃಷ್ಟಿಯಿಡತಕ್ಕದ್ದು. ಈ ಭಾಗದ ಹರದೇಶಿ-ನಾಗೇಶಿ ಮೇಳಗಳು ಜಾತ್ರೆಗಳಲ್ಲಿ ಡಪ್ಪು, ತುಂತುಣಿ, ತಾಳಗಳೊಡನೆ ಇದಿರುಬದಿರಾಗಿ ನಿಲ್ಲುವವು. ಹರದೇಶಿಯವರು ಶಿವನ ಪಕ್ಷವನ್ನೂ ಗಂಡಿನ ಹಿರಿಮೆಯನ್ನೂ, ನಾಗೇಶಿಯವರು ಶಕ್ತಿಯ ಪಕ್ಷವನ್ನೂ ಹೆಣ್ಣಿನ ಹಿರಿಮೆಯನ್ನೂ ಎತ್ತಿಹಿಡಿಯುವರು. ಮೊದಲು ದೇವತಾಸ್ತುತಿ, ತರುವಾಯ ಪುರಾಣದೊಳಗಿನ ಸವಾಲು, ಎದುರು ಮೇಳವು ಹಾಡಿನಲ್ಲಿಯೇ ಜವಾಬು ಕೊಡಬೇಕು. ಮೂದಲಿಕೆಯೂ ಉಂಟು, ಆದರೆ ಪುರಾಣವನ್ನರಿಯದವನಿಗೆ ಇಲ್ಲಿ ಗೆಲವಿಲ್ಲ.

ಅಮೇರಿಕೆಯಲ್ಲಿಯೂ ಇಂಥದೇ ಸಂಬಂಧವು ಕಾಣುವದು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಮೊಳೆತ ಹಿಪ್ ಹಾಪ್ ಹಾಡಿಕೆಯು, ಕರಿಯ ಜನರ ಚರ್ಚುಗಳಲ್ಲಿ ಬೋಧಕನ ನುಡಿಗೆ ಸಭೆಯು ಮರುನುಡಿಯುವ ರೂಢಿಗೆ ಋಣಿಯಾಗಿದೆ. ಆದರೂ 1993ರಲ್ಲಿ ಹಾರ್ಲೆಮ್ಮಿನ ಪಾದ್ರಿ ಕ್ಯಾಲ್ವಿನ್ ಬಟ್ಸರು ಅದರೊಳಗಿನ ಅಶ್ಲೀಲ ನುಡಿಗಳನ್ನು ಬಹಿರಂಗವಾಗಿ ಖಂಡಿಸಿದರು. ತಾಯಿಯು ಮಗನನ್ನು ಗದರಿಸಿದಂತಹ ಕಲಹವದು.

ಇತ್ತ ಪಾಠಶಾಲೆಗಳು ಇಂಥ ಹಾಡುಗಳನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂಡ್ರಿಸಲಿಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಧಿಕ್ಕರಿಸಿ ಮಡಿದ ಹಲಗಲಿಯ ಬೇಡರ ಕಥೆಯನ್ನು ಲಾವಣಿಕಾರನು ಹಾಡಿ ಉಳಿಸಿದನು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನಾದರೋ ಆಂಗ್ಲ ಅಧಿಕಾರಿ ಜೆ. ಎಫ್. ಫ್ಲೀಟನು! ಮುಂದೆ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ಕನ್ನಡಿಗರಿಗೆ ದಾರಿ ತೋರಿದರು.

ಗುಡಿಯು ಹಾಡಿಗೆ ಅಂಗಳವನ್ನು ಕೊಟ್ಟಿತು. ವಿದ್ಯೆಯು ಮಣೆ ಕೊಡಲು ತಡಮಾಡಿತು. ಸವಾಲು-ಜವಾಬುಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ಇರುವಾಗಲೇ ಅವುಗಳನ್ನು ಬರೆದಿಡುವ ಭಾರವು ವಿದ್ಯಾವಂತರ ಮೇಲಿದೆ.