ಸ್ಟ್ಯಾಟಿನ್‌ಗಳ ಇತಿಹಾಸ

ಸ್ಟ್ಯಾಟಿನ್: ರಕ್ತದ ಕೊಲೆಸ್ಟರಾಲ್ ಇಳಿಸುವ ಔಷಧಗಳ ಗುಂಪು. ಯಕೃತ್ತು ಕೊಲೆಸ್ಟರಾಲ್ ತಯಾರಿಸಲು ಬಳಸುವ ಕಿಣ್ವವನ್ನು ಇವು ತಡೆಯುತ್ತವೆ. ಕೊರತೆ ಬಿದ್ದ ಯಕೃತ್ತು ಆಗ ರಕ್ತದಿಂದ, ಕೊಲೆಸ್ಟರಾಲ್ ಹೊತ್ತೊಯ್ಯುವ ಕಣವಾದ ಎಲ್‌ಡಿಎಲ್ ಅನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ.

1987ರಲ್ಲಿ ಅಮೆರಿಕದಲ್ಲಿ, ಮಾರುಕಟ್ಟೆಗೆ ಬಂದ ಮೊದಲ ಸ್ಟ್ಯಾಟಿನ್ ಆದ ಲೋವಾಸ್ಟ್ಯಾಟಿನ್‌ಗೆ ಅನುಮತಿ ದೊರೆತದ್ದನ್ನೇ ಈ ಕಥೆಯ ಆರಂಭವೆನ್ನುವುದುಂಟು. ಆದರೆ ಅದಕ್ಕೂ ಹಿಂದಿನ ಹದಿನಾರು ವರ್ಷಗಳೇ ನಿರ್ಣಾಯಕ. ಸ್ಟ್ಯಾಟಿನ್ ಬರುವವರೆಗೆ ವೈದ್ಯರ ಕೈಯಲ್ಲಿದ್ದದ್ದು ಪಥ್ಯ ಮತ್ತು ನಿಯಾಸಿನ್, ಕೊಲೆಸ್ಟಿರಮೈನ್ ಮುಂತಾದ ಔಷಧಗಳು.

1971ರಲ್ಲಿ ಟೋಕಿಯೊದ ಸಾಂಕ್ಯೊ ಕಂಪನಿಯ ಅಕಿರಾ ಎಂಡೊ, ಈ ಕಿಣ್ವವನ್ನು ತಡೆಯುವ ವಸ್ತುವಿಗಾಗಿ ಶಿಲೀಂಧ್ರಗಳನ್ನು ಜಾಲಾಡತೊಡಗಿದರು. ಸುಮಾರು 6,000 ತಳಿಗಳ ಪರೀಕ್ಷೆಯ ನಂತರ, 1973ರಲ್ಲಿ, ಕ್ಯೋಟೊದ ಅಕ್ಕಿಯ ಮಾದರಿಯೊಂದರಲ್ಲಿ ಬೆಳೆದ ನೀಲಿ-ಹಸಿರು ಬೂಷ್ಟಿನಿಂದ ಕಾಂಪಾಕ್ಟಿನ್ ಸಿಕ್ಕಿತು. ಇಲಿಗಳಲ್ಲಿ ಅದು ಕೆಲಸ ಮಾಡಲಿಲ್ಲ. ಯೋಜನೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಎಂಡೊ, ಮೊಟ್ಟೆಯಲ್ಲಿ ಕೊಲೆಸ್ಟರಾಲ್ ಧಾರಾಳವಾಗಿರುವುದರಿಂದ ಕೋಳಿಗಳ ರಕ್ತದಲ್ಲೂ ಅದು ಹೆಚ್ಚಿರಬೇಕೆಂದು ಊಹಿಸಿ, ಸಹೋದ್ಯೋಗಿಯೊಬ್ಬರ ಕೋಳಿಗಳಿಗೆ ಕೊಟ್ಟು ನೋಡಿದರು. ಮಟ್ಟ ಸುಮಾರು ಅರ್ಧಕ್ಕೆ ಇಳಿಯಿತು. 1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಾಮಾಮೊಟೊ ಕೊಲೆಸ್ಟರಾಲ್ ವಿಪರೀತ ಏರುವ ಆನುವಂಶಿಕ ಕಾಯಿಲೆಯಿದ್ದ 18 ವರ್ಷದ ಯುವತಿಗೆ ಅದನ್ನು ಕೊಟ್ಟರು. ಕೊಲೆಸ್ಟರಾಲ್ ಇಳಿದರೂ ಸ್ನಾಯುಗಳು ಬಲಗುಂದಿದ್ದರಿಂದ ಪ್ರಮಾಣ ತಗ್ಗಿಸಬೇಕಾಯಿತು. ಸ್ನಾಯುಗಳ ಈ ತೊಂದರೆ ಇಂದಿಗೂ ಸ್ಟ್ಯಾಟಿನ್ ಚಿಕಿತ್ಸೆಯ ಜತೆಗಿದೆ.

1980ರಲ್ಲಿ ಸಾಂಕ್ಯೊ ಪ್ರಯೋಗವನ್ನು ನಿಲ್ಲಿಸಿತು. ಬಹಳ ಹೆಚ್ಚಿನ ಪ್ರಮಾಣ ಕೊಟ್ಟಿದ್ದ ನಾಯಿಗಳ ಕರುಳಿನಲ್ಲಿ ಗೆಡ್ಡೆ ಕಂಡಿತೆಂಬ ಶಂಕೆ ಕಾರಣ. ಅಷ್ಟರಲ್ಲಿ ಕಂಪನಿ ಬಿಟ್ಟಿದ್ದ ಎಂಡೊ ಆ ತೀರ್ಮಾನವನ್ನು ಒಪ್ಪಲಿಲ್ಲ. ಸುದ್ದಿ ತಿಳಿದ ಅಮೆರಿಕದ ಮರ್ಕ್ ಕಂಪನಿಯೂ ತನ್ನ ಲೋವಾಸ್ಟ್ಯಾಟಿನ್ ಪ್ರಯೋಗವನ್ನು ಕೆಲಕಾಲ ಕೈಬಿಟ್ಟಿತು. ಲೋವಾಸ್ಟ್ಯಾಟಿನ್ ಯಾರದು ಎಂಬ ತಕರಾರೂ ಇತ್ತು. ಮರ್ಕ್ ಅದನ್ನು ಒಂದು ಶಿಲೀಂಧ್ರದಿಂದ, ಎಂಡೊ ಇನ್ನೊಂದರಿಂದ ಪ್ರತ್ಯೇಕವಾಗಿ ಪಡೆದಿದ್ದರು. ಮೊದಲು ಅರ್ಜಿ ಹಾಕಿದವರಿಗೆ ಪೇಟೆಂಟ್ ಕೊಡುವ ದೇಶಗಳಲ್ಲಿ ಎಂಡೊಗೂ, ಮೊದಲು ಕಂಡುಹಿಡಿದವರಿಗೆ ಕೊಡುತ್ತಿದ್ದ ಅಮೆರಿಕದಲ್ಲಿ ಮರ್ಕ್‌ಗೂ ಹಕ್ಕು ದಕ್ಕಿತು.

ಮುಂದಿನದು ಹೆಚ್ಚು ಪರಿಚಿತ. ಎಲ್‌ಡಿಎಲ್ ಸೆಳೆಯುವ ಜೀವಕೋಶದ ಗ್ರಾಹಕವನ್ನು ಕಂಡುಹಿಡಿದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರ ನೊಬೆಲ್ ಬಂತು. 1994ರ ಸ್ಕ್ಯಾಂಡಿನೇವಿಯನ್ ಅಧ್ಯಯನದಲ್ಲಿ 4,444 ಹೃದ್ರೋಗಿಗಳ ಪೈಕಿ ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ ಸಾವು 30% ಕಡಿಮೆಯಾಗಿ, ಔಷಧ ಆಯುಸ್ಸನ್ನೂ ಉಳಿಸುತ್ತದೆಂಬುದು ಸ್ಪಷ್ಟವಾಯಿತು. ಅದರಲ್ಲಿ ಭಾಗವಹಿಸಿದವರು ಮೊದಲು ಆಹಾರಕ್ರಮ ಬದಲಿಸಿಕೊಂಡಿದ್ದರು. ಮಾತ್ರೆ ಬಂದದ್ದು ಪಥ್ಯದ ಜತೆಗೆ, ಅದರ ಬದಲಿಗೆ ಅಲ್ಲ.

ಎಂಡೊಗೆ 2008ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು. ಅವರು 2024ರಲ್ಲಿ ತೀರಿಕೊಂಡರು. ಕಾಂಪಾಕ್ಟಿನ್ ಔಷಧವಾಗಿ ಅಂಗಡಿಗೆ ಬರಲೇ ಇಲ್ಲ. ಆದರೆ ಅದರಿಂದಲೇ ತಯಾರಾದ ಪ್ರವಾಸ್ಟ್ಯಾಟಿನ್ ಅನ್ನು ಸಾಂಕ್ಯೊ 1989ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದಿತು.