ಜೋಳ, ಅಣೆಕಟ್ಟು, ಬಾಗಿದ ಮೊಣಕಾಲು: ಫ್ಲೋರೋಸಿಸ್ ಸಂಶೋಧನೆ ಮತ್ತು ಕೊಪ್ಪಳ ಸೀಮೆ

ವಿರೂಪಾಪುರಗಡ್ಡೆಯನ್ನು ಬಳಸಿ ಹರಿಯುವ ತುಂಗಭದ್ರೆಯದು ಪಶ್ಚಿಮಘಟ್ಟದ ಮಳೆನೀರು. ಅದರಲ್ಲಿ ಫ್ಲೋರೈಡ್ ಕಡಿಮೆ. ಹೊಳೆ ಬಿಟ್ಟು ಕುಷ್ಟಗಿ, ಯಲಬುರ್ಗಾ ಕಡೆಯ ಎರೆ-ಮಸಾರಿ ಹೊಲಗಳತ್ತ ನಡೆದರೆ ಲೆಕ್ಕ ಬೇರೆ. ಅಲ್ಲಿ ಬಹುಕಾಲ ಬೋರ್ ನೀರೇ ಜನರಿಗೆ ಆಸರೆಯಾಗಿತ್ತು, ಹಲವು ಊರುಗಳಲ್ಲಿ ಆ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳು ಇದರ ಮೂಲ. ಮಳೆ ಕಡಿಮೆಯಾದ ಸೀಮೆಯಲ್ಲಿ ನೀರು ಬಂಡೆಯ ಸೀಳುಗಳಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಅದರಲ್ಲಿ ಕ್ಯಾಲ್ಸಿಯಂ ತಗ್ಗಿದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ.

ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆ ಕೆಡುವ ರೋಗವೇ ಫ್ಲೋರೋಸಿಸ್. ಭಾರತದಲ್ಲಿ ಮನುಷ್ಯರಲ್ಲಿ ಅದು ಮೊದಲು ವರದಿಯಾದದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಎಚ್.ಇ. ಶಾರ್ಟ್ ಮತ್ತು ಸಂಗಡಿಗರು ಅಲ್ಲಿ ಕಂಡದ್ದು ಕಲೆಗಟ್ಟಿದ ಹಲ್ಲು, ಸೆಟೆದ ಬೆನ್ನು. 1955ರಲ್ಲಿ ಎ.ಎಚ್. ಸಿದ್ದಿಕಿ ನಲ್ಗೊಂಡ ಜಿಲ್ಲೆಯ ರೋಗಿಗಳ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೂ ನಲ್ಗೊಂಡದಂತೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು.

ಅಲ್ಲಿಯವರೆಗಿನ ತಿಳಿವಳಿಕೆ ಸರಳವಾಗಿತ್ತು: ಫ್ಲೋರೈಡ್ ಮೂಳೆಯನ್ನು ದಟ್ಟವಾಗಿಸುತ್ತದೆ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ನಂಬಿಕೆಯನ್ನು ಅಲುಗಿಸಿತು. ಅವರು ನೋಡಿದ ಹುಡುಗರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಎಕ್ಸ್‌ರೇಯಲ್ಲಿ ಬೆನ್ನೆಲುಬು ದಟ್ಟವಾಗಿತ್ತು, ಕೈಕಾಲಿನ ಮೂಳೆಗಳು ಮಾತ್ರ ಟೊಳ್ಳು! ಒಂದೇ ದೇಹದಲ್ಲಿ ಎರಡು ವಿರುದ್ಧ ಲಕ್ಷಣ. ಇಂಥ ರೋಗಿಗಳಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿರುವುದೂ 1976ರ ಹೊತ್ತಿಗೆ ಪ್ರಯೋಗಾಲಯದಲ್ಲಿ ಗೊತ್ತಾಯಿತು.

ಹಳೆಯ ರೋಗ ಹೊಸ ರೂಪ ತಾಳಿದ್ದೇಕೆ? ಉತ್ತರಕ್ಕಾಗಿ ಸಂಶೋಧಕರು ಆಸ್ಪತ್ರೆಯಿಂದ ಹೊಲಕ್ಕೆ ಹೋದರು. ಈ ಇತಿಹಾಸದ ಅತ್ಯಂತ ಫಲವತ್ತಾದ ಹೆಜ್ಜೆ ಅದೇ. ನಲ್ಗೊಂಡದ ನಾಗಾರ್ಜುನಸಾಗರ ಜಲಾಶಯ ತುಂಬಿದ ಮೇಲೆ ಸುತ್ತಲಿನ ಅಂತರ್ಜಲ ಮೇಲೇರಿತ್ತು. ಹೀಗೆ ಮಣ್ಣು ಕ್ಷಾರೀಯವಾದಾಗ ಜೋಳದ ಬೆಳೆ ಮಾಲಿಬ್ಡಿನಮ್ ಅನ್ನು ಹೆಚ್ಚು ಹೀರುತ್ತದೆ. ಆ ಜೋಳ ಉಂಡವರ ದೇಹದಿಂದ ತಾಮ್ರ ಮೂತ್ರದಲ್ಲಿ ಹೊರಹೋಗುತ್ತದೆ. ಮೂಳೆಯ ಕೊಲಾಜನ್ ಎಳೆಗಳನ್ನು ಬಿಗಿಯುವ ಕಿಣ್ವಕ್ಕೆ ತಾಮ್ರವೇ ಬೇಕು. ವೈ.ಜಿ. ದೇವಸ್ಥಳೆ ಮತ್ತು ಸಂಗಡಿಗರು 1977ರಲ್ಲಿ ರೋಗವಿದ್ದ ಮತ್ತು ಇಲ್ಲದ ಊರುಗಳ ಅಕ್ಕಿ, ಜೋಳ, ಸಜ್ಜೆಗಳನ್ನು ಹೋಲಿಸಿದ್ದು ಈ ಜಾಡಿನಲ್ಲೇ.

ಕೃಷ್ಣಮಾಚಾರಿಯವರ 1976ರ ಮುಂದುವರಿದ ಅಧ್ಯಯನ ನಮ್ಮ ಸೀಮೆಯ ಹೊಸ್ತಿಲಿಗೇ ಬಂದಿತು: ಪರಂಬಿಕುಳಂ-ಆಳಿಯಾರ್ ಅಣೆಕಟ್ಟು ಪ್ರದೇಶದ ಜತೆಗೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಆಸುಪಾಸಿನಲ್ಲೂ ಬಾಗಿದ ಮೊಣಕಾಲು ಕಂಡುಬಂದಿತ್ತು. ಆ ಅಣೆಕಟ್ಟಿನ ಎಡದಂಡೆ ಇರುವುದು ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ. 1953ರಿಂದ ನೀರು ಕೊಟ್ಟ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು, ಅಲ್ಲಿನ ತಟ್ಟೆಗೆ ಅನ್ನ ಬಂತು. ಕುಷ್ಟಗಿ, ಯಲಬುರ್ಗಾ ಜೋಳದ ರೊಟ್ಟಿಯಲ್ಲೇ ಉಳಿದವು.

ಇಷ್ಟರಿಂದ ಜೋಳವನ್ನು ದೂರುವುದು ಸರಿಯಲ್ಲ. ಮೀರತ್‌ನ ಎಸ್.ಪಿ.ಎಸ್. ತಿಯೋಟಿಯಾ ಮತ್ತು ಎಂ. ತಿಯೋಟಿಯಾ ಮಕ್ಕಳ ಕ್ಯಾಲ್ಸಿಯಂ ಕೊರತೆಯನ್ನೇ ದೊಡ್ಡ ಕಾರಣವೆಂದು ತೋರಿಸಿದ್ದಾರೆ. ಹಾಲು-ಮಜ್ಜಿಗೆ ಕಾಣದ ಬಡ ಮನೆಯ ಮಗುವಿಗೆ ಅದೇ ನೀರು ಹೆಚ್ಚು ಕೇಡು ಮಾಡುತ್ತದೆ.

ಬಾಗಿದ ಮೂಳೆಯನ್ನು ನೆಟ್ಟಗಾಗಿಸುವ ಔಷಧಿ ಇಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಆದ್ದರಿಂದ ಸಂಶೋಧನೆ ತಡೆಯುವ ಕಡೆಗೆ ತಿರುಗಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲಿ ನೀರಿನ ಫ್ಲೋರೈಡ್ ತೆಗೆಯಲು ಪಟಿಕ, ಸುಣ್ಣ ಬಳಸುವ ನಲ್ಗೊಂಡ ವಿಧಾನವನ್ನು ರೂಪಿಸಿತು. 2002ರಲ್ಲಿ ಪ್ರಕಟವಾದ ಎ.ಎಲ್. ಖಂಡಾರೆ ತಂಡದ ಪ್ರಯೋಗದಲ್ಲಿ ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂನಂತೆ 18 ದಿನ ಹುಣಸೆಹಣ್ಣು ಕೊಟ್ಟಾಗ ಮೂತ್ರದಲ್ಲಿ ಹೊರಬೀಳುವ ಫ್ಲೋರೈಡ್ ದಿನಕ್ಕೆ 3.5ರಿಂದ 4.8 ಮಿಲಿಗ್ರಾಂಗೆ ಏರಿತು. ಉತ್ತರ ಕರ್ನಾಟಕದ ಸಾರಿನ ಹುಣಸೆಗೆ ಇದು ಸಣ್ಣ ಗೌರವವಲ್ಲ. ಆದರೆ ಶುದ್ಧ ನೀರಿಗೆ ಹುಣಸೆ ಬದಲಿಯಾಗದು.

ಕೃಷ್ಣಾ ನದಿಯಿಂದ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೆ ನೀರು ತರುವ ಯೋಜನೆಯೇ ಈ ಸೀಮೆಗೆ ನಿಜವಾದ ಚಿಕಿತ್ಸೆ. ಆದರೆ ನಳದ ನೀರು ನಿಂತ ದಿನ ಜನ ಮತ್ತೆ ಬೋರಿಗೇ ಕೊಡ ಹಿಡಿಯುತ್ತಾರೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಗ್ರಾಮ ಪಂಚಾಯಿತಿಗಳು ಪ್ರತಿ ಬೋರಿನ ನೀರನ್ನೂ ಪರೀಕ್ಷೆ ಮಾಡಿಸಿ, ಫ್ಲೋರೈಡ್ ಪ್ರಮಾಣವನ್ನು ಅದರ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಬೇಕು.