ಮಕ್ಕಳ ಪೀಡನೆಯ ಪುನರಾವೃತ್ತಿ ಮತ್ತು ಸರಕಾರದ ಮೇಲ್ವಿಚಾರಣೆ: ಕೊಹಿನೂರ ಸೀಮೆಯಿಂದ ಒಂದು ಚಾರಿತ್ರಿಕ ಅವಲೋಕನ

ನಮ್ಮ ನಾಡಿನ ಚರಿತ್ರೆಯನ್ನು ಬರೆಯುವವರು ರಾಜವಂಶಗಳನ್ನೂ ಯುದ್ಧಗಳನ್ನೂ ಕಂದಾಯ ಪದ್ಧತಿಗಳನ್ನೂ ವಿಚಾರಿಸಿದಷ್ಟು ಮಕ್ಕಳ ರಕ್ಷಣೆಯ ವಿಷಯವನ್ನು ವಿಚಾರಿಸಿಲ್ಲ. ಒಮ್ಮೆ ಪೀಡನೆಗೊಳಗಾದ ಮಗುವು ಪುನಃ ಅದಕ್ಕೆ ಗುರಿಯಾದರೆ, ಅಪರಾಧಿಯ ದೋಷದೊಡನೆ ಮೊದಲನೆಯ ದೂರನ್ನು ಕೇಳಿಯೂ ಸುಮ್ಮನಿದ್ದವರ ದೋಷವೂ ಸೇರುತ್ತದೆ. ಅಂಥವರ ನಡತೆಯನ್ನು ಪರಿಶೀಲಿಸತಕ್ಕವರು ಯಾರು? ಈ ಪ್ರಶ್ನೆಗೆ ಕಾಯಿದೆಗಳು ಕಾಲಕಾಲಕ್ಕೆ ನೀಡಿದ ಉತ್ತರಗಳನ್ನು ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದ ನೆಲೆಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ. ಈ ಗ್ರಾಮವನ್ನು ಆರಿಸಿಕೊಂಡುದಕ್ಕೆ ಅಲ್ಲಿ ನಡೆದ ಯಾವ ಘಟನೆಯೂ ಕಾರಣವಲ್ಲ. ಒಂದೇ ತಲೆಮಾರಿನಲ್ಲಿ ಆಡಳಿತದ ಹಲವು ಬದಲಾವಣೆಗಳನ್ನು ಕಂಡ ಸೀಮೆ ಅದೆಂಬುದೇ ಕಾರಣ.

1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶವು ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಭಾರತ ದಂಡ ಸಂಹಿತೆಯು ಇಲ್ಲಿಗೆ ವಿಸ್ತರಿಸಲ್ಪಟ್ಟುದು 1951ರಲ್ಲಿ. ಹೈದರಾಬಾದು ಮಕ್ಕಳ ಕಾಯಿದೆಯೂ ಅದೇ ವರ್ಷದ್ದು. 1956ರ ನವೆಂಬರ್ 1ರಂದು ಬೀದರವು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದಾಗ, ಒಂದೇ ರಾಜ್ಯದೊಳಗೆ ಮದರಾಸು, ಮುಂಬಯಿ, ಹೈದರಾಬಾದು, ಮೈಸೂರುಗಳ ಬೇರೆ ಬೇರೆ ಮಕ್ಕಳ ಕಾಯಿದೆಗಳು ಉಳಿದುಕೊಂಡಿದ್ದುವು. ಅವುಗಳ ಸ್ಥಾನದಲ್ಲಿ ಏಕರೂಪದ ಕಾಯಿದೆಯೊಂದು ಬಂದುದು 1964ರಲ್ಲಿ. ಈ ಕಾಯಿದೆಗಳ ಮುಖ್ಯ ಲಕ್ಷ್ಯವು ಅನಾಥ ಮಗು ಹಾಗೂ ತಪ್ಪುಮಾಡಿದ ಮಗು ಎಂಬ ಇಬ್ಬರ ಮೇಲಿದ್ದಿತು. ಮಗುವನ್ನು ಕೆಟ್ಟ ಪರಿಸರದಿಂದ ತೆಗೆದು ಒಳ್ಳೆಯ ಆಲಯದಲ್ಲಿರಿಸಿದರೆ ಕಾರ್ಯ ಮುಗಿಯಿತೆಂಬ ಭಾವನೆ ಆಗ ಪ್ರಬಲವಾಗಿದ್ದಿತು.

ಆ ಭಾವನೆಯನ್ನು ಅಲುಗಿಸಿದುದು 1986ರ ಶೀಲಾ ಬರ್ಸೆ ಪ್ರಕರಣ. ದೇಶದ ಕಾರಾಗೃಹಗಳಲ್ಲಿ 16 ವರ್ಷದೊಳಗಿನ ಎಷ್ಟು ಮಕ್ಕಳಿರುವರೆಂಬುದನ್ನು ನ್ಯಾಯಾಧಿಕಾರಿಗಳು ಸ್ವತಃ ಹೋಗಿ ಕಂಡು ವರದಿಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ರಕ್ಷಣೆಯ ಹೊಣೆ ಹೊತ್ತವರ ಮೇಲೂ ಕಣ್ಣಿಡಬೇಕೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಅದೇ ವರ್ಷ ಬಾಲನ್ಯಾಯ ಕಾಯಿದೆಯು ಅಂಗೀಕೃತವಾಯಿತು.

ಪೀಡನೆಯು ಮರುಕಳಿಸುವುದೇಕೆಂಬುದಕ್ಕೆ ಉತ್ತರವು 2007ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಅಧ್ಯಯನದಲ್ಲಿ ದೊರೆಯುತ್ತದೆ. 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿದ ಈ ಅಧ್ಯಯನದಲ್ಲಿ ಕೊಹಿನೂರಕ್ಕೆ ನೆರೆಯಾದ ಮಹಾರಾಷ್ಟ್ರವೂ ಸೇರಿದ್ದಿತು. ಪೀಡಕರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಇಲ್ಲವೆ ಅದರ ವಿಶ್ವಾಸಕ್ಕೆ ಪಾತ್ರರಾದವರು. ಬಹುಪಾಲು ಮಕ್ಕಳು ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಪೀಡಕನು ಮನೆಯಲ್ಲಿಯೋ ಶಾಲೆಯಲ್ಲಿಯೋ ವಸತಿನಿಲಯದಲ್ಲಿಯೋ ದಿನವೂ ಎದುರಿಗಿರುವವನಾದರೆ, ಮಗುವಿನ ಮೌನವು ಆತನಿಗೆ ಎರಡನೆಯ ಅವಕಾಶವನ್ನು ಒದಗಿಸುತ್ತದೆ.

2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆಯು ಈ ಸಂಗತಿಯನ್ನು ಮನಗಂಡು ರಚಿತವಾದುದು. ಒಂದೇ ಮಗುವಿನ ಮೇಲೆ ಹಲವು ಬಾರಿ ನಡೆಸಿದ ಕೃತ್ಯವನ್ನೂ, ಹಿಂದೆ ಇಂಥ ಅಪರಾಧಕ್ಕಾಗಿ ಶಿಕ್ಷಿತನಾದವನು ಮತ್ತೆ ಎಸಗಿದ ಕೃತ್ಯವನ್ನೂ ಅದು ಹೆಚ್ಚಿನ ಶಿಕ್ಷೆಗೆ ಅರ್ಹವಾದ ಉಗ್ರ ಅಪರಾಧಗಳಲ್ಲಿ ಎಣಿಸುತ್ತದೆ. ಅಪರಾಧವನ್ನರಿತ ಪ್ರತಿಯೊಬ್ಬನೂ ಪೋಲೀಸರಿಗೆ ತಿಳಿಸಬೇಕು. ಪೋಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿಮಾಡಬೇಕು. ತನ್ನ ಕೈಕೆಳಗಿನ ನೌಕರನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಕಾರಾಗೃಹ ವಾಸವನ್ನು ವಿಧಿಸಬಹುದು.

ಇದರ ಮೇಲೆ ಪರಿಶೀಲನೆಯ ಹಲವು ಸ್ತರಗಳನ್ನು ಕಟ್ಟಲಾಗಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಓರ್ವ ಮಹಿಳೆಯೂ ಓರ್ವ ವೈದ್ಯಾಧಿಕಾರಿಯೂ ಇರುವ ತಂಡವು ಮಕ್ಕಳ ಆಲಯಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆಮಾಡಿ, ಒಂದು ವಾರದೊಳಗೆ ವರದಿಯನ್ನು ಒಪ್ಪಿಸಬೇಕು. ಮಕ್ಕಳ ಕಲ್ಯಾಣ ಸಮಿತಿಯ ಕಾರ್ಯವನ್ನು ಜಿಲ್ಲಾಧಿಕಾರಿಯು ಮೂರು ತಿಂಗಳಿಗೊಮ್ಮೆ ವಿಮರ್ಶಿಸಬೇಕು. ಇವೆಲ್ಲಕ್ಕೂ ಹೊರಗೆ ನಿಂತು ನೋಡುವುದಕ್ಕಾಗಿ, 2005ರ ಕಾಯಿದೆಗನುಗುಣವಾಗಿ, ಕರ್ನಾಟಕದಲ್ಲಿ 2009ರಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಸ್ಥಾಪಿತವಾಯಿತು. ವಿಚಾರಣೆಯ ಕಾಲದಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವುಂಟು. 2012ರ ಕಾಯಿದೆಯ ಆಚರಣೆಯನ್ನು ಗಮನಿಸುವ ಹೊಣೆಯೂ ಅದರದೇ. ಆದರೆ ಶಿಕ್ಷಿಸುವ ಅಧಿಕಾರ ಅದಕ್ಕಿಲ್ಲ. ಶಿಫಾರಸು ಮಾಡಬಹುದು, ಅವಶ್ಯವಿದ್ದಲ್ಲಿ ಉಚ್ಚ ನ್ಯಾಯಾಲಯದ ಮೊರೆಹೋಗಬಹುದು. ಅದರ ವರದಿಯನ್ನು, ಒಪ್ಪದಿದ್ದ ಶಿಫಾರಸುಗಳ ಕಾರಣಸಹಿತ, ಸರಕಾರವು ವಿಧಾನಮಂಡಲದ ಮುಂದಿಡಬೇಕು.

ಹೀಗೆ ಕಾಗದದ ಮೇಲೆ ಕೊಹಿನೂರದಿಂದ ಬೀದರಕ್ಕೆ, ಬೀದರದಿಂದ ಬೆಂಗಳೂರಿಗೆ ಅಖಂಡವಾದ ಸರಪಣಿಯೊಂದು ಏರ್ಪಟ್ಟಿದೆ. ಆದರೆ ಇದರ ಒಂದೊಂದು ಕೊಂಡಿಯೂ ಹಿಂದಿನ ಕೊಂಡಿಯ ಬರಹವನ್ನೇ ಆಧರಿಸಿದೆಯೆಂಬುದು ಗಮನಾರ್ಹ. ಜಿಲ್ಲಾಧಿಕಾರಿಯು ವಿಮರ್ಶಿಸುವುದು ಸಮಿತಿಯ ಮುಂದೆ ಬಂದ ಪ್ರಕರಣವನ್ನು. ಸಮಿತಿಯ ಮುಂದೆ ಬರುವುದು ಠಾಣೆಯಲ್ಲಿ ದಾಖಲಾದ ದೂರು. ಗ್ರಾಮದ ಹಿರಿಯರು ಪಂಚಾಯಿತಿಕೆಮಾಡಿ ಮುಗಿಸಿದ ವಿಷಯವಾಗಲಿ, ಮಾನಹಾನಿಗೆ ಅಂಜಿ ಶಾಲೆಯು ಅಡಗಿಸಿದ ವಿಷಯವಾಗಲಿ, ಯಾವ ದಫ್ತರದಲ್ಲಿಯೂ ಕಾಣಿಸದು. ಆಗ ಎರಡನೆಯ ಅಪರಾಧವು ಸರಕಾರದ ಕಣ್ಣಿಗೆ ಮೊದಲನೆಯದಾಗಿಯೇ ತೋರುತ್ತದೆ. ಪುನರಾವೃತ್ತಿಗೆ ಕಾಯಿದೆಯು ವಿಧಿಸಿದ ಹೆಚ್ಚಿನ ಶಿಕ್ಷೆಯೂ ವ್ಯರ್ಥವಾಗುತ್ತದೆ.

ದಾಖಲೆಯಿಲ್ಲದೆಡೆ ಚರಿತ್ರೆಯಿಲ್ಲವೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಮಕ್ಕಳ ವಿಷಯದಲ್ಲಿ ದಾಖಲೆಯಿಲ್ಲದೆಡೆ ರಕ್ಷಣೆಯೂ ಇಲ್ಲ. 1951ರಿಂದ ಈಚೆಗೆ ಸರಕಾರವು ಮೇಲಿನ ಸ್ತರಗಳನ್ನು ಒಂದೊಂದಾಗಿ ಕಟ್ಟಿದೆ. ಕೆಳಗಿನ ಸ್ತರವಾದ ಮೊದಲ ಬರಹವು ಶಿಕ್ಷಕರ, ಅಂಗನವಾಡಿ ಕಾರ್ಯಕರ್ತೆಯರ, ಗ್ರಾಮ ಪಂಚಾಯತಿಯವರ ಕೈಯಲ್ಲಿದೆ. ಮಗುವೊಂದು ಅಧ್ಯಾಪಕರೊಡನೆ ಹೇಳಿಕೊಂಡ ಮಾತನ್ನು ಠಾಣೆಗೆ ತಲುಪಿಸುವುದು ಕಾಯಿದೆಯು ವಿಧಿಸಿದ ಕರ್ತವ್ಯ. ಮೇಲ್ವಿಚಾರಣೆಯ ಸಕಲ ವ್ಯವಸ್ಥೆಯೂ ಆ ಕ್ಷಣದಿಂದ ಮಾತ್ರವೇ ಕಾರ್ಯಾರಂಭ ಮಾಡಬಲ್ಲುದು.